ಹೆಬ್ಬೆಟ್ಟಿನ ಗಿರಾಕಿಗಳು

ನಿನ್ನೆ ಭಾನುವಾರ ರಾತ್ರಿ ಒಂಬತ್ತರಿಂದ ಒಂಬತ್ತೂ ಇಪ್ಪತ್ತರವರೆಗೆ ನಾನು ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪಿನ ಖಾಲಿ ವಾಯ್ಸ್ ಚಾನೆಲ್ಲಿನಲ್ಲಿ ಒಬ್ಬಳೇ ಕೂತಿದ್ದೆ. ಕಿವಿಗೆ ಹೆಡ್‌ಫೋನು, ಎದುರಿಗೆ ತಣ್ಣಗಾದ ಕಷಾಯ, ಪಕ್ಕದಲ್ಲಿ ಮೂರು ಸಂಜೆ ಕೂತು ಕನ್ನಡಕ್ಕೆ ಇಳಿಸಿದ ಆಟದ ಚೀಟಿಗಳ ಕಟ್ಟು. ಆಗಾಗ ಫೋನು ಟುಣ್ ಅನ್ನುತ್ತಿತ್ತು. ಯಾರೋ ಬಂದರು ಅಂತ ನೋಡಿದರೆ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ನಮ್ಮನೆಯವರು ಬಾಗಿಲಲ್ಲಿ ಇಣುಕಿ, "ಏನೇ, ಇವತ್ತು ಒಬ್ಬಳೇ ಆಡೋ ಆಟವಾ?" ಅಂದರು. ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಈ ಪೋಸ್ಟು ಬೇರೆ ವಿಷಯದ ಮೇಲೆ ಇರುತ್ತಿತ್ತು.

ನಡೆದದ್ದು ಇಷ್ಟು. ನಾವು ಒಂದಿಷ್ಟು ಜನ ಪಾತ್ರಗಳಾಗಿ ಕೂತು ಮಾತಿನಲ್ಲೇ ಕಥೆ ಕಟ್ಟುವ ಆಟ ಆಡುವವರು. ಬುಧವಾರ ಆ ಗುಂಪಿನಲ್ಲಿ ಹಾಕಿದ್ದೆ: "ಭಾನುವಾರ ರಾತ್ರಿ 9ಕ್ಕೆ ಡಯಲೆಕ್ಟ್. ಪೂರ್ತಿ ಕನ್ನಡದಲ್ಲಿ. ನಾಲ್ಕು ಜಾಗ." ಡಯಲೆಕ್ಟ್ ಅಂದರೆ ಅಂಥದೊಂದು ಆಟ. ಹತ್ತು ನಿಮಿಷದೊಳಗೆ ಕೆಳಗೆ ಒಪ್ಪಿಗೆಯ ನಾಲ್ಕು ಹೆಬ್ಬೆಟ್ಟು ಬಿದ್ದವು. ಒಬ್ಬರಂತೂ "ಕಾಯ್ತಾ ಇದೀನಿ!!" ಅಂತ ಬರೆದು ಬೆಂಕಿಯ ಚಿತ್ರ ಬೇರೆ ಹಚ್ಚಿದ್ದರು. ಆ ಬೆಂಕಿಗೆ ನಾನು ಮರುಳಾದೆ.

ನಮ್ಮ ಅಜ್ಜನ ಕಾಲದಲ್ಲಿ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು, ಹಿಂದೆ ಸರಿಯುವಂತಿರಲಿಲ್ಲ. ಸಾಲದ ಕಾಗದಕ್ಕೆ ಒತ್ತಿದವರ ಗದ್ದೆಯೇ ಹೋಗುತ್ತಿತ್ತು. ನಮ್ಮಜ್ಜ ಒಂದು ಕಾಗದಕ್ಕೆ ಒತ್ತಿದ್ದಕ್ಕೆ ಊರನ್ನೇ ಬಿಟ್ಟು ಬರಬೇಕಾಯಿತು, ಅದು ಬೇರೆ ಕಥೆ. ಅಕ್ಷರ ಬಾರದವರ ಹೆಬ್ಬೆಟ್ಟಿಗೆ ಅಷ್ಟು ತೂಕ. ಈಗ ಎರಡೆರಡು ಡಿಗ್ರಿ ಇರುವವರ ಹೆಬ್ಬೆಟ್ಟಿಗೆ ಎರಡು ತಾಸಿನ ಬೆಲೆಯೂ ಇಲ್ಲ.

ಹಳೇ ಸ್ನೇಹಿತರಿಗೆ ನನ್ನ ಈ ಹುಚ್ಚು ಗೊತ್ತು. ಲಾಕ್‌ಡೌನಿನಲ್ಲಿ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಹೊಸಬರು ಕೇಳುವ ಮೊದಲ ಪ್ರಶ್ನೆ, "ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಲ್ವಾ?" ಅಲ್ಲ. ಅದು 1974ರಿಂದ ಇರುವ ದೊಡ್ಡ ಆಲದ ಮರ, ಈಗ ಹ್ಯಾಸ್‌ಬ್ರೋ ಎಂಬ ಆಟಿಕೆ ಕಂಪನಿಯ ಆಸ್ತಿ. ನಾನು ಆಡುವುದು ಅದರ ನೆರಳಿನಿಂದ ದೂರದಲ್ಲಿ ಒಬ್ಬಿಬ್ಬರು ಕೂತು ಬರೆದು ಹೊರತರುವ ಸಣ್ಣ ಆಟಗಳನ್ನು. ಕೆಲವು ಒಂದೇ ಹಾಳೆಯಲ್ಲಿ ಮುಗಿಯುತ್ತವೆ. ಜಾನ್ ಹಾರ್ಪರ್ ಅವರ 'ಲೇಸರ್ಸ್ ಅಂಡ್ ಫೀಲಿಂಗ್ಸ್' ಹಾಗೆ: ಒಂದು ಹಾಳೆ, ಕೈಗೆ ಸಿಕ್ಕಷ್ಟು ದಾಳ, ಬಾಯಿ ಇದ್ದರೆ ಸಾಕು. ಗ್ರಾಂಟ್ ಹಾವಿಟ್ ಅವರ 'ಹನಿ ಹೈಸ್ಟ್'ನಲ್ಲಿ ನೀವೆಲ್ಲ ಜೇನು ಕದಿಯಲು ಹೊರಟ ಕರಡಿಗಳು. ನಮ್ಮ ಗುಂಪಿನ ಅರ್ಧ ಜನ ಈ ಕರಡಿ ಆಟದಿಂದಲೇ ಬಂದವರು.

ಡಯಲೆಕ್ಟ್ 2018ರದ್ದು. ಕ್ಯಾಥರಿನ್ ಹೈಮ್ಸ್ ಮತ್ತು ಹಕನ್ ಸೆಯಲಿಯೋಗ್ಲು ಮಾಡಿದ್ದು. ಹೊರ ಪ್ರಪಂಚದಿಂದ ಕಡಿದುಹೋದ ಒಂದು ಸಣ್ಣ ಸಮುದಾಯ, ಅದರೊಳಗೆ ಹುಟ್ಟುವ ಭಾಷೆ, ಕೊನೆಗೆ ಆ ಭಾಷೆಯ ಸಾವು. ಆಡುವವರೇ ಒಂದೊಂದಾಗಿ ಪದ ಹುಟ್ಟಿಸಬೇಕು, ಹುಟ್ಟಿಸಿದ ಪದವನ್ನು ಪಾತ್ರವಾಗಿ ಮಾತಿನಲ್ಲಿ ಬಳಸಬೇಕು. ಇದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಲ ಆಡಿದ್ದೇನೆ. ಪ್ರತಿ ಸಲವೂ ಇದು ಕನ್ನಡದಲ್ಲಿ ಆಗಬೇಕಿತ್ತಲ್ಲ ಅಂತ ಹೊಟ್ಟೆ ಉರಿದಿದೆ. ಅದಕ್ಕೇ ಈ ಸಲ ಶರಾವತಿ ಹಿನ್ನೀರಿನ ಒಂದು ನಡುಗಡ್ಡೆ ಕಟ್ಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಗುಡ್ಡದ ತುದಿಯಲ್ಲಿ ಉಳಿದ ಎಂಟು ಮನೆ. ಲಾಂಚ್ ಬಂದರೆ ಪ್ರಪಂಚ ಉಂಟು, ಬಾರದಿದ್ದರೆ ಇಲ್ಲ. ಲಾಂಚಿಗೆ ಕಾಯುವುದಕ್ಕೆ ಒಂದು ಪದ, ಬಾರದ ಲಾಂಚಿಗೆ ಒಂದು ಪದ, ನೀರು ಇಳಿದಾಗ ಕಾಣುವ ಹಳೇ ದೇವಸ್ಥಾನದ ಕಂಬಕ್ಕೆ ಒಂದು ಪದ. ಕೊನೆಯ ಘಟ್ಟದಲ್ಲಿ ಸೇತುವೆ ಬರುತ್ತದೆ. ಸಿಗಂದೂರಿಗೆ 2025ರ ಜುಲೈನಲ್ಲಿ ಬಂತಲ್ಲ, ಹಾಗೆ. ಸೇತುವೆ ಬಂತು, ಕಾಯುವುದು ಹೋಯಿತು, ಕಾಯುವುದಕ್ಕಿದ್ದ ಪದವೂ ಹೋಯಿತು. ಇಷ್ಟೆಲ್ಲ ತಯಾರಿ ಮಾಡಿಕೊಂಡು ಕೂತವಳು ಕೊನೆಗೆ ಏನು ಮಾಡಿದೆ? ಕಾದೆ. ಪದ ಹುಟ್ಟಿಸಲು ಮಾತ್ರ ಯಾರೂ ಇರಲಿಲ್ಲ.

ಆ ಆಟಕ್ಕೆ ಕನಿಷ್ಠ ಮೂವರು ಬೇಕು ಮಾರಾಯ್ರೆ. ನಾಲ್ವರು ಒಪ್ಪಿ ಒಬ್ಬ ಬಂದ. ನಾನೂ ಸೇರಿ ಇಬ್ಬರು.

ಒಂಬತ್ತು ಗಂಟೆ ಅಂತ ಇಟ್ಟಿದ್ದು ಯಾರಿಗೋಸ್ಕರ ಗೊತ್ತಾ? ನ್ಯೂಜೆರ್ಸಿಯಲ್ಲಿರುವ ಒಬ್ಬರಿಗೋಸ್ಕರ. ಅವರಿಗೆ ಅದು ಬೆಳಿಗ್ಗೆ ಹನ್ನೊಂದೂವರೆ, ತಿಂಡಿ ಮುಗಿಸಿ ಕೂರಬಹುದು ಅಂತ. ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ರಾತ್ರಿಯಿಡೀ ಉರಿಯುತ್ತಿತ್ತು. ಬೆಂಕಿಯ ಚಿತ್ರ ಹಚ್ಚಿದ್ದೂ ಅವರೇ.

ಈಗ ಬರುತ್ತದೆ ನೋಡಿ ಸಮಾಧಾನದ ಮಾತು. "ಒಂದು ಆಟ ಅಲ್ವಾ, ಬಿಡು. ಜನಕ್ಕೆ ಆಫೀಸು, ಮಕ್ಕಳು, ಸುಸ್ತು ಇರುತ್ತೆ." ಸರಿ, ಇರುತ್ತದೆ. ನನಗೂ ಇವೆ, ಬೇಕಾದರೆ ಬಂದು ಎಣಿಸಿ. ಬರಬೇಡಿ ಅಂದವರು ಯಾರು? "ಬರಲ್ಲ" ಅಂತ ಮೂರಕ್ಷರ ಹಾಕಲು ಎಷ್ಟು ಹೊತ್ತು ಬೇಕು? ಇದೇ ಜನ ಬಾಕ್ಸ್ ಕ್ರಿಕೆಟ್ಟಿಗೆ ತಲೆಗೆ ಇಷ್ಟು ಅಂತ ದುಡ್ಡು ಕಟ್ಟಿದ್ದರೆ ಜ್ವರ ಇದ್ದರೂ ಬೆಳಿಗ್ಗೆ ಆರಕ್ಕೆ ಹಾಜರ್. ದುಡ್ಡು ಹೋದರೆ ನೋವಾಗುತ್ತದೆ, ಇನ್ನೊಬ್ಬರ ಭಾನುವಾರ ಹೋದರೆ ಆಗುವುದಿಲ್ಲ.

ಇನ್ನೊಬ್ಬರು ಬಹಳ ಬುದ್ಧಿವಂತರು, ಹೋದ ತಿಂಗಳು ನನಗೇ ನಿಯಮ ಹೇಳಿಕೊಟ್ಟರು: "ಓಪನ್ ಡೋರ್ ಅಂತ ಇದೆಯಲ್ಲ ಅಕ್ಕಾ, ಯಾರು ಯಾವಾಗ ಬೇಕಾದರೂ ಕಾರಣ ಹೇಳದೆ ಎದ್ದು ಹೋಗಬಹುದು." ಇದೆ ಕಣಪ್ಪಾ. ಆಟ ಮನಸ್ಸಿಗೆ ಹಿಂಸೆಯಾದರೆ ಎದ್ದು ಹೋಗಲಿ ಅಂತ ಮಾಡಿದ ಒಳ್ಳೆಯ ನಿಯಮ, ನಾನೇ ಪ್ರತಿ ಸಲ ಓದಿ ಹೇಳುತ್ತೇನೆ. ಆದರೆ ಬಾಗಿಲಿನಿಂದ ಆಚೆ ಹೋಗಬೇಕಾದರೆ ಮೊದಲು ಒಳಗೆ ಬರಬೇಕಲ್ಲವೇ?

ಒಬ್ಬರು ಬಾರದಿದ್ದರೆ ಏನಾಯಿತು ಅನ್ನುವವರು 'ಫಿಯಾಸ್ಕೋ' ಆಡಬೇಕು. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ 2009ರ ಆಟ. ಅದರಲ್ಲಿ ಜಿಎಂ ಇಲ್ಲ, ಅಂದರೆ ಕಥೆ ನಡೆಸುವ ಯಜಮಾನ ಇಲ್ಲ. ಪ್ರತಿಯೊಬ್ಬರಿಗೂ ಎಡಗಡೆಯವರ ಜೊತೆ ಒಂದು ಸಂಬಂಧ, ಬಲಗಡೆಯವರ ಜೊತೆ ಒಂದು ಸಂಬಂಧ. ಹೂವಿನ ಮಾಲೆಯ ಹಾಗೆ ಸುತ್ತ ಕಟ್ಟಿರುತ್ತದೆ. ಎರಡು ತಿಂಗಳ ಹಿಂದೆ ನಾಲ್ವರು ಕೂತು ಮುಕ್ಕಾಲು ತಾಸು ಈ ಮಾಲೆ ಕಟ್ಟಿದೆವು. ಎಡಗಡೆ ಭಾವ-ಮೈದುನ, ನಡುವೆ ಅಡಿಕೆ ಮಂಡಿಯ ಸಾಲ; ಬಲಗಡೆ ಒಂದು ಕಾಲದ ಪ್ರೇಮಿಗಳು, ನಡುವೆ ಕದ್ದ ಬುಲೆಟ್ ಬೈಕು. ಎಂಥ ಚಂದದ ಗಲಾಟೆ ಆಗಬೇಕಿತ್ತು! ಮೈದುನ ಅರ್ಥಾತ್ ಹಳೇ ಪ್ರೇಮಿ, "ಒಂದ್ನಿಮಿಷ, ಈಗ ಬಂದೆ" ಅಂತ ಹೋದವರು ಇನ್ನೂ ಬಂದಿಲ್ಲ. ಉಳಿದ ಮೂವರಲ್ಲಿ ಇಬ್ಬರಿಗೆ ಅರ್ಧರ್ಧ ಬದುಕು. ಡ್ರ್ಯಾಗನ್ ಹೊಡೆಯುವ ಐದು ಜನರ ಪಡೆಯಲ್ಲಿ ಒಬ್ಬ ಬಾರದಿದ್ದರೆ "ಅವನು ಬಿಡಾರದಲ್ಲಿ ಮಲಗಿದ್ದಾನೆ" ಅಂತ ಸಾಗಹಾಕಬಹುದು. ಈ ಸಣ್ಣ ಆಟಗಳಲ್ಲಿ ಆಗುವುದಿಲ್ಲ. ಮುಂಚಿನ ತಯಾರಿ ಕಡಿಮೆ ಅಂತ ಜನ ಇವನ್ನು ಹಗುರಾಗಿ ಕಾಣುತ್ತಾರೆ. ತಯಾರಿ ಕಡಿಮೆ ಇರುವುದೇ ಬಂದವರೇ ಬಂಡವಾಳ ಅನ್ನುವ ಕಾರಣಕ್ಕೆ.

ಸಲಹೆಗಳಿಗೇನೂ ಬರ ಇಲ್ಲ. ಆರು ಜನರನ್ನು ಕರೆ, ಮೂವರು ಬರುತ್ತಾರೆ. ಅಕಸ್ಮಾತ್ ಆರೂ ಜನ ಬಂದರೆ? ಅದೂ ಒಂದು ಸಲ ಆಗಿದೆ, ನಾನೇ ಎದ್ದು ಜಾಗ ಬಿಟ್ಟೆ. ಬೆನ್ ರಾಬಿನ್ಸ್ ಎಂಬವರು 'ವೆಸ್ಟ್ ಮಾರ್ಚಸ್' ಅಂತ ತಮ್ಮ ಆಟದಲ್ಲಿ ದಿನ ಗೊತ್ತುಮಾಡುವ ಹೊಣೆಯನ್ನೇ ಆಟಗಾರರ ತಲೆಗೆ ಕಟ್ಟಿದ್ದರು. ಒಳ್ಳೆಯ ಉಪಾಯ. ನಮ್ಮವರ ತಲೆಗೆ ಕಟ್ಟಿದರೆ ದಿನ ಗೊತ್ತಾಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಅಪ್ಪಯ್ಯನಿಗೆ ಒಮ್ಮೆ ಈ ಆಟ ಏನು ಅಂತ ವಿವರಿಸಿದ್ದೆ. ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿ, "ಹಂಗಾರೆ ತಾಳಮದ್ದಲೆನೇ ಆತಲೆ. ವೇಷ ಇಲ್ಲೆ, ಕೂತ್ಕಂಡು ಮಾತಾಡದು" ಅಂದರು. ಹೌದಲ್ಲ! ಪ್ರಸಂಗ ಕೊಡುವುದು ಹಾಡುವ ಪದವನ್ನಷ್ಟೇ, ಅರ್ಥ ಹುಟ್ಟುವುದು ಅಲ್ಲೇ, ಎದುರಿನವರು ಏನು ಕೇಳುತ್ತಾರೋ ಮೊದಲೇ ಗೊತ್ತಿಲ್ಲ. ಜಿಎಂ ಇದ್ದರೆ ಭಾಗವತರಿದ್ದ ಹಾಗೆ. ಚಿಕ್ಕಂದಿನಲ್ಲಿ ನಮ್ಮೂರ ದೇವಸ್ಥಾನದಲ್ಲಿ 'ಕೃಷ್ಣ ಸಂಧಾನ' ಇತ್ತು, ಕೃಷ್ಣನೇ ಬರಲಿಲ್ಲ. ಬಸ್ಸು ಕೆಟ್ಟು ಅರ್ಧ ದಾರಿಯಲ್ಲಿ ನಿಂತಿತ್ತಂತೆ. ಭಾಗವತರು ಸಭೆಯನ್ನೊಮ್ಮೆ ನೋಡಿ ಅಂಚೆ ಮಾಸ್ತರರನ್ನು ಎಬ್ಬಿಸಿ ಕೂರಿಸಿದರು. ಮಾಸ್ತರರು ದುರ್ಯೋಧನನ ಬೆವರಿಳಿಸಿದರು. ನನ್ನ ಕಷ್ಟ ಏನೆಂದರೆ ಇಲ್ಲಿ ಎಬ್ಬಿಸಲು ಸಭೆಯೇ ಇಲ್ಲ. ಮತ್ತೆ ಆ ಕೃಷ್ಣ ಮರುದಿನ ಬೆಳಿಗ್ಗೆ ಭಾಗವತರ ಮನೆಗೆ ಬಂದು ಕೈ ಮುಗಿದು ಹೋಗಿದ್ದರು. ನಮ್ಮ ಕೃಷ್ಣಂದಿರು ಮರುದಿನ ಬೆಳಿಗ್ಗೆ ಮೀಮ್ ಹಾಕುತ್ತಾರೆ.

ಇಷ್ಟು ಕೂಗಾಡಿದ ಮೇಲೆ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ರಾತ್ರಿ ನಿದ್ದೆ ಬಾರದು.

2020ರಲ್ಲಿ, ಈ ಹುಚ್ಚಿನ ಶುರುವಿನಲ್ಲಿ, ನಾನೂ ಒಂದು ಹೆಬ್ಬೆಟ್ಟು ಒತ್ತಿದ್ದೆ. 'ಬ್ಲೇಡ್ಸ್ ಇನ್ ದಿ ಡಾರ್ಕ್' ಎಂಬ ಕಳ್ಳರ ಕಥೆಯ ಆಟ, ಆನ್‌ಲೈನ್ ಮೇಜಿನ ಸುತ್ತ ಬೇರೆ ಬೇರೆ ದೇಶದ ಅಪರಿಚಿತರು. ವಾರವಿಡೀ ಪುಸ್ತಕ ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಹೊತ್ತು ಬಂದಾಗ ಲ್ಯಾಪ್‌ಟಾಪ್ ಮುಚ್ಚಿ, ಫೋನನ್ನು ಬೋರಲು ಹಾಕಿ, ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಕರೆಂಟು ಹೋಗಿರಲಿಲ್ಲ, ಮಗನಿಗೆ ಜ್ವರ ಇರಲಿಲ್ಲ. ಆಫೀಸಿನ ಇಂಗ್ಲಿಷು ಆಫೀಸಿಗೆ ಸಾಕು. ಆ ಇಂಗ್ಲಿಷಿನಲ್ಲಿ ನಾನು ಕಳ್ಳಿಯಾಗಿ ಬೆದರಿಸಬೇಕು, ಅಳಬೇಕು, ನಗಿಸಬೇಕು ಅಂದಾಗ ನಾಲಿಗೆ ಒಣಗಿತು. ಆಟ ನಡೆಸುವವರು ಆಮೇಲೆ ಒಂದು ಸಾಲು ಕಳಿಸಿದ್ದರು, ಎಲ್ಲ ಕ್ಷೇಮ ತಾನೇ ಅಂತ. ಅದಕ್ಕೆ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ನಿನ್ನೆಯ ಮೂವರಿಗೂ ಹಾಗೇ ಏನಾದರೂ ಆಗಿರಬಹುದಲ್ಲ ಅಂತ ನೀವು ಕೇಳಬಹುದು. ಆಗಿರಬಹುದು. ಆದರೆ ಇದು ಕನ್ನಡದಲ್ಲಿ ಇತ್ತು ಸ್ವಾಮಿ! ನಾಲಿಗೆ ಒಣಗುವ ನೆಪವೂ ಇಲ್ಲದ ಹಾಗೆ ಮಾಡಲೆಂದೇ ನಾನು ಮೂರು ಸಂಜೆ ಚೀಟಿ ಬರೆದದ್ದು.

ಬಂದ ಒಬ್ಬನ ಬಗ್ಗೆ ಹೇಳದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಗದಗಿನ ಹುಡುಗ, ಮಳೆಗೆ ನೆಟ್ ಕೈಕೊಟ್ಟಿದ್ದಕ್ಕೆ ತಡವಾಯಿತು ಅಂತ ಒಂಬತ್ತೂ ಇಪ್ಪತ್ತಕ್ಕೆ ಬಂದ. ಎಂಟೂವರೆಗೇ ಮೆಸೇಜು ಹಾಕಿದ್ದನಂತೆ, ಅದು ಹೋಗಿರಲೇ ಇಲ್ಲ. "ಅಕ್ಕಾರ, ಮಂದಿ ಬಂದಿಲ್ಲೇನ್ರಿ?" ಅಂದ. ನಾನು ಸಿಟ್ಟಿನಲ್ಲಿ ಏನೇನೋ ಒದರಿದೆ. ಪೂರ್ತಿ ಕೇಳಿಸಿಕೊಂಡು, "ಇರ್ಲಿ ಬಿಡ್ರಿ. ಇಬ್ರು ಆಡೂದು ಯಾವ್ದರೆ ಐತಿಲ್ಲೋ?" ಅಂದ.

ಇತ್ತು. ಏವರಿ ಆಲ್ಡರ್ ಅವರ 'ದಿ ಕ್ವಾಯೆಟ್ ಇಯರ್'. ಒಂದು ಇಸ್ಪೀಟು ಕಟ್ಟು, ಒಂದು ನಕ್ಷೆ, ಒಂದಿಷ್ಟು ದಾಳ. ಎಲ್ಲ ಹಾಳಾದ ಮೇಲೆ ಉಳಿದ ಜನರಿಗೆ ಸಿಗುವ ಒಂದು ನೆಮ್ಮದಿಯ ವರ್ಷ. ನಾಲ್ಕು ಬಣ್ಣದ ಎಲೆ ನಾಲ್ಕು ಋತು, ಒಂದೊಂದು ಎಲೆ ಒಂದೊಂದು ವಾರ. ಚಳಿಗಾಲದಲ್ಲಿ ಇಸ್ಪೀಟಿನ ರಾಜ, ಅಂದರೆ ಸ್ಪೇಡ್ ರಾಜ, ಎದ್ದರೆ ಆಟ ಅಲ್ಲಿಗೇ ಮುಗಿಯಿತು. ಯಾರಿಗಾದರೂ ತನ್ನ ಮಾತು ಕೇಳಲಿಲ್ಲ ಅನ್ನಿಸಿದರೆ ವಾದ ಮಾಡುವ ಹಾಗಿಲ್ಲ, ಸುಮ್ಮನೆ ಒಂದು ತಿರಸ್ಕಾರದ ಬಿಲ್ಲೆ ಎತ್ತಿ ಎದುರಿಗೆ ಇಟ್ಟುಕೊಳ್ಳಬೇಕು. ನಾನು ಬಿಲ್ಲೆಗೆ ಹುಣಸೆ ಬೀಜ ಬಳಸುತ್ತೇನೆ. ಆಟ ಶುರುವಾಗುವ ಮೊದಲೇ ಮೂರು ಬೀಜ ಎದುರಿಗೆ ಇಟ್ಟುಕೊಂಡಿದ್ದೆ, ಯಾರ್‍ಯಾರ ಹೆಸರಲ್ಲಿ ಅಂತ ಹೇಳಬೇಕಿಲ್ಲ.

ಕಟ್ಟಿದ್ದ ನಡುಗಡ್ಡೆ ಹಾಳಾಗಬಾರದು ಅಂತ ಅದನ್ನೇ ನಕ್ಷೆ ಮಾಡಿದೆವು. ಮರುದಿನ ಇಬ್ಬರಿಗೂ ಕೆಲಸ, ಹಾಗಾಗಿ ಪ್ರತಿ ಬಣ್ಣದಿಂದ ಒಂದಿಷ್ಟು ಎಲೆ ತೆಗೆದಿಟ್ಟೆವು. ಬೇಸಿಗೆಯ ಮೂರನೇ ವಾರ ಹುಡುಗ ಒಂದು ಕೆಲಸ ಶುರು ಮಾಡಿದ: ನಾಲ್ಕು ವಾರ ಬೇಕು, ಬಾವಿ ತೋಡುತ್ತಾರೆ ಅಂದ. ನಾನು ನಕ್ಕೆ. "ಸುತ್ತ ನೀರೇ ಇದ್ಯಲ್ಲೋ ಮಾರಾಯ!" ಬಯಲುಸೀಮೆಯವನಿಗೆ ಬಾವಿ ಬಿಟ್ಟರೆ ಬೇರೆ ಹೊಳೆಯದು ಅಂದುಕೊಂಡೆ.

"ಆ ನೀರು ನಮ್ದಲ್ರಿ ಅಕ್ಕಾರ," ಅಂದ. "ಕರೆಂಟಿನವ್ರದು."

ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ. ನಮ್ಮಜ್ಜ ಹೆಬ್ಬೆಟ್ಟು ಒತ್ತಿದ ಕಾಗದ ಅದೇ ನೀರಿನದ್ದು. ಅಮ್ಮ ಹುಟ್ಟಿದ ಮನೆ ಅದರಡಿಯಲ್ಲಿದೆ. ಇದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಎಷ್ಟೋ ಸಲ ಆಡಿದ್ದೇನೆ, ಇಂಥ ಸಾಲು ಯಾವತ್ತೂ ನನ್ನ ಮೇಜಿಗೆ ಬಂದಿರಲಿಲ್ಲ. ಬಾವಿ ಚಳಿಗಾಲಕ್ಕೆ ಮೊದಲೇ ಮುಗಿಯಬೇಕಿತ್ತು. ಮಳೆಗೆ ಒಂದು ಸಲ ಕುಸಿದು, ಮತ್ತೆ ಶುರು ಮಾಡಿ, ಅಂತೂ ಇನ್ನೊಂದು ವಾರ ಇದೆ ಅನ್ನುವಾಗ ಇಸ್ಪೀಟಿನ ರಾಜ ಎದ್ದ. ಇಬ್ಬರೂ ಸುಮ್ಮನೆ ನಕ್ಷೆ ನೋಡುತ್ತಾ ಕೂತೆವು. ಹನ್ನೊಂದೂ ಮುಕ್ಕಾಲು ಆಗಿತ್ತು.

ಆಗ ಬಂತು ನ್ಯೂಜೆರ್ಸಿಯಿಂದ: "ಅಯ್ಯೋ ಸಾರಿ, ಇವತ್ತಾ? ನೆಕ್ಸ್ಟ್ ಟೈಮ್ ಪಕ್ಕಾ!" ಕೆಳಗೆ ಒಂದು ಹೆಬ್ಬೆಟ್ಟು.

ಮುಂದಿನ ಭಾನುವಾರ ಡಯಲೆಕ್ಟ್ ಮತ್ತೆ ಇಟ್ಟಿದ್ದೇನೆ, ಅದೇ ನಡುಗಡ್ಡೆ. ಈ ಸಲ ಮಧ್ಯಾಹ್ನ ಮೂರಕ್ಕೆ, ಗದಗಿನವನಿಗೆ ಅನುಕೂಲವಾಗಲಿ ಅಂತ. ನ್ಯೂಜೆರ್ಸಿಯಲ್ಲಿ ಆಗ ಬೆಳಗಿನ ಜಾವ ಐದೂವರೆ, ಅದಕ್ಕೆ ನಾನೇನೂ ಮಾಡಲಾರೆ. ಮೂರು ಜಾಗ ಇವೆ. ಬರುವವರು ಫೋನ್ ಮಾಡಿ ಬಾಯಲ್ಲಿ ಹೇಳಿ. ಇದರ ಕೆಳಗೆ ಹೆಬ್ಬೆಟ್ಟು ಒತ್ತಿದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.