ಹಳೇ ಡಾಸ್ ಕಂಪ್ಯೂಟರಿಗೂ ಗ್ರೆಪ್ ಬರುತ್ತದೆ: ಒಂದು ಸ್ಪಷ್ಟನೆ

ಎಸ್.ಪಿ. ರೋಡಿನಲ್ಲಿ ಹಳೇ ಮಷೀನು ಹುಡುಕುವ ನಮ್ಮ ಬೆಂಗಳೂರಿನ ಗೆಳೆಯರ ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಸುತ್ತುತ್ತಿದೆ: "ಎಲ್ಎಸ್, ಗ್ರೆಪ್ ಬೇಕಿದ್ದರೆ ಲಿನಕ್ಸ್ ಹಾಕಲೇಬೇಕು. ಆರ್‌ಎಂ ಕೊಟ್ಟರೆ ಫೈಲು ಡಿಸ್ಕಿನಿಂದಲೇ ಅಳಿಸಿಹೋಗುತ್ತದೆ." (ಎಲ್ಎಸ್ ಫೈಲುಗಳ ಪಟ್ಟಿ ತೋರಿಸುವ, ಗ್ರೆಪ್ ಫೈಲಿನೊಳಗೆ ಪದ ಹುಡುಕುವ, ಆರ್‌ಎಂ ಫೈಲು ಅಳಿಸುವ ಯುನಿಕ್ಸ್ ಆಜ್ಞೆಗಳು.) ಎರಡೂ ತಪ್ಪು.

ಲಿನಕ್ಸ್ ಬೇಕಿಲ್ಲ. 1989ರಲ್ಲಿ ಶುರುವಾದ ಡಿಜೆಜಿಪಿಪಿ ಯೋಜನೆಯಿಂದ ಗ್ನೂ ಸಲಕರಣೆಗಳು (ಇಂಥ ಆಜ್ಞೆಗಳ ಮುಕ್ತ ಆವೃತ್ತಿಗಳು) ಡಾಸ್‌ಗೆ, ಅಂದರೆ ಹಳೇ ಪಿಸಿಗಳ ಆಪರೇಟಿಂಗ್ ಸಿಸ್ಟಮ್ಮಿಗೆ, ಬಂದಿವೆ. ಆದರೆ 386 ಅಥವಾ ಅದಕ್ಕಿಂತ ಮೇಲಿನ ಪ್ರೊಸೆಸರ್ ಬೇಕು. 286 ಇಟ್ಟುಕೊಂಡವರು ಇದಕ್ಕೆ ಸುಮ್ನೆ ಒದ್ದಾಡಬೇಡಿ. ಬರೀ ಡಾಸ್‌ನಲ್ಲಿ 'ನೋ ಡಿಪಿಎಂಐ' ಅಂತ ಬಂದರೆ ಗಾಬರಿ ಬೇಡ. ಡಿಪಿಎಂಐ ಅಂದರೆ ಈ ಪ್ರೋಗ್ರಾಂಗಳು ಹೆಚ್ಚಿನ ಮೆಮೊರಿ ಬಳಸಲು ಬೇಕಾದ ಸೇವೆ; ಅದನ್ನು ಕೊಡುವ ಸಿಡಬ್ಲ್ಯುಎಸ್‌ಡಿಪಿಎಂಐ ಫೈಲನ್ನು ಪಾತ್‌ನಲ್ಲಿ (ಡಾಸ್ ಪ್ರೋಗ್ರಾಂ ಹುಡುಕುವ ಡೈರೆಕ್ಟರಿಗಳಲ್ಲಿ) ಇಡಿ, ಸಾಕು.

ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್ ಕೂಡ ಡಾಸ್‌ಗೆ ಹೊಸದಲ್ಲ. 1983ರ ಎಂಎಸ್-ಡಾಸ್ 2.0ರಲ್ಲೇ ಇತ್ತು. ಆದರೆ ಯುನಿಕ್ಸ್‌ನ ಹಾಗೆ ಎರಡು ಪ್ರೋಗ್ರಾಂ ಒಟ್ಟಿಗೆ ಓಡುವುದಿಲ್ಲ. ಮೊದಲನೆಯದರ ಫಲಿತಾಂಶವನ್ನು ಡಾಸ್ ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಎರಡನೆಯದನ್ನು ಓಡಿಸುತ್ತದೆ. ಅದಕ್ಕೇ ರೈಟ್-ಪ್ರೊಟೆಕ್ಟ್ ಮಾಡಿದ ಫ್ಲಾಪಿಯಲ್ಲಿ ಪೈಪ್ ಕೈಕೊಡುತ್ತದೆ. ನಾನೂ ಒಂದು ಸಂಜೆ ಪೂರ್ತಿ ಗ್ರೆಪ್‌ನ್ನೇ ಬೈದುಕೊಂಡು ಕೂತಿದ್ದೆ!

ಇನ್ನು ಆರ್‌ಎಂ. ಫ್ಯಾಟ್ (ಡಾಸ್ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಡಿಸ್ಕಿನಲ್ಲಿ ಫೈಲು ಅಳಿಸಿದಾಗ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತದೆ, ಜಾಗ ಖಾಲಿ ಅಂತ ದಾಖಲಾಗುತ್ತದೆ. ಒಳಗಿನ ಡೇಟಾ ಅಲ್ಲೇ ಇರುತ್ತದೆ. ಡಾಸ್‌ನದೇ ಡೆಲ್ ಆಜ್ಞೆ ಮಾಡುವುದೂ ಇದನ್ನೇ ಅಲ್ವಾ? ಹಾಗಾಗಿ ಎಂಎಸ್-ಡಾಸ್ 5ರ ಅನ್‌ಡಿಲೀಟ್‌ನಿಂದ ಫೈಲು ವಾಪಸ್ ಸಿಗುವ ಅವಕಾಶ ಇದೆ. ಮೊದಲ ಅಕ್ಷರ ಯಾವುದೆಂದು ಅದು ನಿಮ್ಮನ್ನೇ ಕೇಳಬಹುದು. ಅಲ್ಲಿಯವರೆಗೆ ಆ ಡಿಸ್ಕಿಗೆ ಬೇರೇನೂ ಬರೆಯಬೇಡಿ.