ಸ್ಟೆಪ್‌ಓವರ್ ಸಣ್ಣದು ಕೊಟ್ಟರೆ ಸಾಕಾ?

ಪೀಣ್ಯದ ನಮ್ಮ ಟೂಲ್‌ರೂಮಿನಲ್ಲಿ ಹೋದ ತಿಂಗಳು ಒಂದು ಮೋಲ್ಡ್ ಕೋರ್, ಅಂದರೆ ಅಚ್ಚಿನ ಒಳಗಿನ ಉಬ್ಬು ಭಾಗ, ಮಾಡಿದ್ವಿ. ಪಿ20 ಸ್ಟೀಲ್, ತುದಿ ಗುಂಡಗಿರುವ 10 ಎಂಎಂ ಬಾಲ್ ನೋಸ್ ಕಟ್ಟರ್. ಫಿನಿಶ್ ಚೆನ್ನಾಗಿ ಬರಲಿ ಅಂತ ಪೂರ್ತಿ ಕೋರಿಗೆ ಒಂದೇ ದಿಕ್ಕಿನಲ್ಲಿ 0.1 ಎಂಎಂ ಸ್ಟೆಪ್‌ಓವರ್ (ಕಟ್ಟರ್ ಓಡುವ ಪಕ್ಕಪಕ್ಕದ ಸಾಲುಗಳ ನಡುವಿನ ಅಂತರ) ಕೊಟ್ಟಿದ್ದೆ. ರಾತ್ರಿಯೆಲ್ಲ ಮೆಷಿನ್ ಓಡಿತು. ಬೆಳಿಗ್ಗೆ ಪಾಲಿಶಿಂಗ್ ಅಣ್ಣ ಕೋರಿನ ಪಕ್ಕದ ಗೋಡೆ ಮೇಲೆ ಉಗುರು ಎಳೆದರು. ಗರಗರ ಅಂತು. ಏನೂ ಹೇಳದೆ ಉಜ್ಜುವ ಸ್ಟೋನ್ ಎತ್ತಿಕೊಂಡರು. ಸಂಜೆವರೆಗೂ ಉಜ್ಜಿದರು.

ತಪ್ಪು ನನ್ನದೇ. ಬಾಲ್ ಕಟ್ಟರ್ ಓಡಿದ ಎರಡು ಸಾಲಿನ ನಡುವೆ, ಉತ್ತ ಹೊಲದಲ್ಲಿ ಇರುವ ಹಾಗೆ, ಸಣ್ಣ ದಿಂಡು ಉಳಿಯುತ್ತದೆ. ಅದರ ಎತ್ತರದ ಲೆಕ್ಕ ಸುಲಭ: ಸ್ಟೆಪ್‌ಓವರಿನ ವರ್ಗವನ್ನು ಕಟ್ಟರ್ ವ್ಯಾಸದ ನಾಲ್ಕು ಪಟ್ಟಿನಿಂದ ಭಾಗಿಸಿ. 10 ಎಂಎಂ ಕಟ್ಟರಿಗೆ 0.5 ಕೊಟ್ಟರೆ ಸುಮಾರು 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದ ಒಂದು ಭಾಗ), 0.2 ಕೊಟ್ಟರೆ 1 ಮೈಕ್ರಾನ್, 0.1 ಕೊಟ್ಟರೆ ಕಾಲು ಮೈಕ್ರಾನ್. ಆದರೆ ಕಟ್ಟರ್ ಹಿಡಿಯುವ ಕೋಲೆಟ್‌ನಲ್ಲಿ ಕಟ್ಟರೇ 5 ಮೈಕ್ರಾನ್ ಓಲಾಡುತ್ತಿದ್ದರೆ ಆ ಕಾಲು ಮೈಕ್ರಾನ್ ಎಲ್ಲಿ ಸಿಗುತ್ತೆ? 0.2ಕ್ಕೆ ಹೋಲಿಸಿದರೆ ಟೈಮ್ ಮಾತ್ರ ಡಬಲ್.

ಇನ್ನು ಆ ಗೋಡೆ. ಅದು 80 ಡಿಗ್ರಿ ಇಳಿಜಾರು. ಮೇಲಿಂದ ನೋಡಿದಾಗ 0.1 ಇರುವ ಅಂತರ ಗೋಡೆ ಮೇಲೆ ಸುಮಾರು 0.58 ಆಗುತ್ತದೆ. ದಿಂಡು 8 ಮೈಕ್ರಾನ್! ಮೇಲ್ಭಾಗದ ಸಮತಟ್ಟಿನಲ್ಲಿ ಮತ್ತೊಂದು ತೊಂದರೆ. ಬಾಲಿನ ತುದಿ ತಿರುಗುವುದೇ ಇಲ್ಲ ಅನ್ನಬಹುದು, ನಡುವಿನಲ್ಲಿ ಕಟಿಂಗ್ ಸ್ಪೀಡ್ ಸೊನ್ನೆ. ಅಲ್ಲಿ ಕಟ್ಟರ್ ಕತ್ತರಿಸುವುದಿಲ್ಲ, ಒರೆಸುತ್ತದೆ. ಅದಕ್ಕೇ ಅಲ್ಲಿ ಮಂಕಾದ ಪಟ್ಟೆ ಬಿದ್ದಿತ್ತು.

ನಮ್ಮಲ್ಲಿ ಪ್ರೋಗ್ರಾಮ್ ಮಾಡುವವರು ಅಭ್ಯಾಸಬಲದಿಂದ ಒಂದು ನಂಬರ್ ಹಾಕಿಬಿಡ್ತೀವಿ ಅನ್ನೋದು ನನಗೆ ನಿಜಕ್ಕೂ ಬೇಸರ. ಪೂರ್ತಿ ಜಾಬ್‌ಗೆ ಒಂದೇ ನಂಬರ್ ಸರಿಯಲ್ಲ. ಉಜ್ಜುವವರ ಭುಜ ನಮ್ಮ ಸ್ಕ್ರೀನ್ ಮೇಲೆ ಕಾಣಲ್ಲ ಅಲ್ವಾ? ಮೊದಲು ಅವರನ್ನೇ ಕೇಳಬೇಕು: ಅಣ್ಣಾ, ಎಲ್ಲಿ ಕನ್ನಡಿ ಹಾಗೆ ಬೇಕು, ಎಲ್ಲಿ ಹಾಗೇ ಬಿಟ್ಟರೂ ನಡೆಯುತ್ತೆ?

ಎರಡನೇ ಕೋರಿಗೆ ಕೇಳಿದೆ. ಗೋಡೆಗೆ ಝಡ್ ಲೆವೆಲ್‌ನಲ್ಲಿ (ಮೇಲಿಂದ ಕೆಳಗೆ ಮಟ್ಟ ಮಟ್ಟವಾಗಿ) 0.25 ಇಳಿತ, ಮೇಲಿನ ಬಾಗಿದ ಜಾಗಕ್ಕೆ 0.25 ಸ್ಟೆಪ್‌ಓವರ್, ಸಮತಟ್ಟಿಗೆ ತಳ ಚಪ್ಪಟೆ, ಅಂಚು ಮಾತ್ರ ಗುಂಡಗಿರುವ ಬುಲ್ ನೋಸ್ ಕಟ್ಟರ್. ಕಟ್ಟರ್ ಹಾಕಿದ ಮೇಲೆ ಡಯಲ್ ಗೇಜ್ ಇಟ್ಟು ಓಲಾಟ ನೋಡಿದೆ. ಅಣ್ಣ ಮತ್ತೆ ಉಗುರು ಎಳೆದರು. ಕೈಯಲ್ಲಿದ್ದ ಸ್ಟೋನ್ ಕೆಳಗಿಟ್ಟು, ನೇರವಾಗಿ ಮುಂದಿನ ಹಂತದ ಎಮರಿ ಪೇಪರ್ ತಗೊಂಡರು.