ಉಪ್ಪಾಗೆ ಕ್ಯಾಪ್ಸೂಲ್ ನುಂಗಿ ಬನ್ನೂರಿಗೆ ಹೊರಟವನ ಕಥೆ

ಹೊಸದಾಗಿ ಸೈಕಲ್ ಕೊಂಡ ಮೂವರು ಗೆಳೆಯರು ಈ ತಿಂಗಳು ನನಗೆ ಒಂದೇ ಪ್ರಶ್ನೆ ಕೇಳಿದರು. "ಬೇಗ ತೂಕ ಇಳಿಸೋಕೆ ಯಾವ ಸಪ್ಲಿಮೆಂಟ್ ತಗೋಬೇಕು ಮಾರಾಯ?" ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಕೊಡಬೇಕೆಂದರೆ ನಾನು ಬನ್ನೂರು ರಸ್ತೆ ಬದಿಯಲ್ಲಿ ಕಾಲು ಚಾಚಿ ಕೂತಿದ್ದನ್ನು ಹೇಳಲೇಬೇಕು. ಇಷ್ಟು ದಿನ ಮುಚ್ಚಿಟ್ಟಿದ್ದೆ. ಮರ್ಯಾದೆ ಹೋದರೆ ಹೋಗಲಿ ಬಿಡಿ.

ಎರಡು ವರ್ಷದ ಹಿಂದೆ ನನ್ನ ತೂಕ 91 ಕೆಜಿ. ವಯಸ್ಸು 41. ಶೂ ಲೇಸ್ ಕಟ್ಟಲು ಬಗ್ಗಿದರೆ ಉಸಿರು ಬಿಗಿಹಿಡಿಯಬೇಕಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸೈಕಲ್ ಸಿಕ್ಕಿತು, ಅದರ ತೂಕ 14 ಕೆಜಿ. ಮೊದಲ ವಾರ ಕುಕ್ಕರಹಳ್ಳಿ ಕೆರೆ ಕಡೆ ಸುಮ್ನೆ ಓಡಾಡಿದೆ. ಆಮೇಲೆ ಲಲಿತಮಹಲ್ ರಸ್ತೆ. ಮೂರನೇ ವಾರ ಧೈರ್ಯ ಮಾಡಿ ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟ ಹತ್ತಲು ಹೊರಟೆ. ನಾಲ್ಕು ಕಡೆ ನಿಂತೆ. ಒಂದು ಕಡೆ ನಿಂತು ಮೈಸೂರಿನ ನೋಟ ನೋಡುತ್ತಿರುವವನಂತೆ ನಟಿಸಿದೆ. ಆ ಜಾಗದಿಂದ ಕಾಣುತ್ತಿದ್ದದ್ದು ಬರೀ ಪೊದೆ.

ಅಲ್ಲೇ ಪಕ್ಕದಲ್ಲಿ ಜರ್ಸಿ ಹಾಕಿದ ಹುಡುಗರು ಮಾತಾಡುತ್ತಾ, ನಗುತ್ತಾ ಮೇಲೆ ಹೋಗುತ್ತಿದ್ದರು. ಅವರ ಬಾಟಲಿಯಲ್ಲಿ ಬಣ್ಣದ ನೀರು, ಬೆನ್ನ ಜೇಬಿನಲ್ಲಿ ಜೆಲ್ಲಿನ (ಹೀರುವ ಸಕ್ಕರೆ ಪಾಕದ) ಪೊಟ್ಟಣ. ನನಗೆ ಹೊಳೆದದ್ದು ಏನು ಗೊತ್ತಾ? ಓಹೋ, ಗುಟ್ಟು ಆ ಬಾಟಲಿಯಲ್ಲಿದೆ ಅಂತ. ಅವರು ಆರೇಳು ವರ್ಷದಿಂದ ದಿನಾ ತುಳಿಯುತ್ತಿದ್ದಾರೆ ಅನ್ನುವುದು ಹೊಳೆಯಲೇ ಇಲ್ಲ.

ಮರುದಿನವೇ ಒಂದು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಕೇಳುವ ಮೊದಲೇ ಡಬ್ಬಗಳನ್ನು ಇಳಿಸತೊಡಗಿದ. ಪ್ರೋಟೀನ್ ಪುಡಿ. ನೀಲಿ ಬಣ್ಣದ ಬಿಸಿಎಎ, ಅಂದರೆ ಪ್ರೋಟೀನಿನ ಮೂರು ಅಮೈನೋ ಆಮ್ಲಗಳ ಪುಡಿ. ನೀರಿಗೆ ಹಾಕುವ ಎಲೆಕ್ಟ್ರೋಲೈಟ್ (ಲವಣ) ಮಾತ್ರೆ. ಕೊನೆಗೆ ಫ್ಯಾಟ್ ಬರ್ನರ್, 60 ಕ್ಯಾಪ್ಸೂಲ್. "ಸರ್, ಇದನ್ನ ಖಾಲಿ ಹೊಟ್ಟೇಲಿ ತಗೊಂಡು ರೈಡ್ ಮಾಡಿ. ಕೊಬ್ಬು ಬೆಣ್ಣೆ ಥರ ಕರಗುತ್ತೆ." ಬಿಲ್ 7,400 ರೂಪಾಯಿ. "ಸೈಕಲ್ ಸರ್ವಿಸ್‌ಗೆ 600 ಕೊಡೋಕೆ ಹಿಂದೆ ಮುಂದೆ ನೋಡಿದ್ರಿ" ಅಂದಳು ಹೆಂಡತಿ. ಅದು ನಿಜ. ಬ್ರೇಕ್ ಆಗಲೂ ಕೀಚ್ ಅನ್ನುತ್ತಿತ್ತು.

ಎರಡನೇ ತಿಂಗಳು. ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಒಂದು ಲೋಟ ಕರಿ ಕಾಫಿ ಕುಡಿದು, ಎರಡು ಕ್ಯಾಪ್ಸೂಲ್ ನುಂಗಿ ಸೋಮನಾಥಪುರಕ್ಕೆ ಹೊರಟೆ. ಹೋಗಿ ಬರಲು ಸುಮಾರು 70 ಕಿಲೋಮೀಟರ್. ಹೊಟ್ಟೆಯಲ್ಲಿ ಏನೂ ಇಲ್ಲ. ಬೇಕಂತಲೇ. ಹೋಗುವಾಗ ಹೂವಿನ ಹಾಗೆ ಹೋದೆ. ತಂಪು ಗಾಳಿ, ಎರಡೂ ಕಡೆ ಗದ್ದೆ. ಗುಡಿ ಮುಂದೆ ಸೈಕಲ್ ಒರಗಿಸಿ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಬರುವಾಗ, ಬನ್ನೂರಿಗೆ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ, ಕಾಲಿನ ಸ್ವಿಚ್ ಯಾರೋ ಆಫ್ ಮಾಡಿದ ಹಾಗಾಯಿತು. ಉಸಿರೇನೂ ಹತ್ತಿರಲಿಲ್ಲ. ನೋವೂ ಇರಲಿಲ್ಲ. ಕೈ ನಡುಕ, ತಣ್ಣನೆ ಬೆವರು, ಎದೆ ಮಾತ್ರ ಡಬಡಬ. ಎದುರಿಗೆ ಬಂದ ಟ್ರ್ಯಾಕ್ಟರ್ ಒಂದಿದೆಯೋ ಎರಡಿದೆಯೋ ಅನ್ನುವ ಅನುಮಾನ. ಇಳಿದು ಸೈಕಲನ್ನು ಬೇಲಿಗೆ ಒರಗಿಸಿ ಕೂತುಬಿಟ್ಟೆ.

ಪುಣ್ಯಕ್ಕೆ ಅಲ್ಲೊಂದು ಆಲೆಮನೆ ಇತ್ತು. ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ ವಯಸ್ಸಾದವರೊಬ್ಬರು ಎದ್ದು ಬಂದರು.

"ಯಾಕ್ ಸಾ, ಇಂಗ್ ಕುಂತ್ಬುಟ್ರಿ? ಬೆಳಿಗ್ಗೆ ಏನಾರ ತಿಂದಿದ್ರಾ?"

"ಇಲ್ಲ."

"ಹೊಟ್ಟೆಗಾಕ್ದೆ ಎತ್ತೂ ಗಾಡಿ ಎಳೆಯಾಕಿಲ್ಲ. ನೀವೆಂಗ್ ತುಳಿದೀರಿ ಸಾ?"

ಸ್ಟೀಲ್ ಚೊಂಬಿನಲ್ಲಿ ಕಬ್ಬಿನ ಹಾಲು ಕೊಟ್ಟರು. ಆಮೇಲೆ ಕೊಪ್ಪರಿಗೆಯ ಅಂಚಿನಿಂದ ಕೆರೆದ ಬೆಚ್ಚಗಿನ ಬೆಲ್ಲವನ್ನು ಒಂದು ಬಾಳೆಲೆ ಚೂರಿನ ಮೇಲೆ ಇಟ್ಟರು. ಕೈಗೆ ಅಂಟುತ್ತಿತ್ತು, ಹೊಗೆ ವಾಸನೆ ಇತ್ತು. ಅಷ್ಟು ರುಚಿಯಾದ್ದನ್ನು ನಾನು ಇವತ್ತಿಗೂ ತಿಂದಿಲ್ಲ. ಹದಿನೈದು ನಿಮಿಷದಲ್ಲಿ ಟ್ರ್ಯಾಕ್ಟರ್‌ಗಳು ಒಂದೊಂದೇ ಕಾಣತೊಡಗಿದವು. ದುಡ್ಡು ಕೊಡಲು ಹೋದರೆ ಬೈದರು.

ಆಮೇಲೆ ಗೊತ್ತಾಯಿತು, ಸೈಕಲ್ ತುಳಿಯುವವರು ಇದಕ್ಕೆ 'ಬಾಂಕ್' ಅನ್ನುತ್ತಾರೆ. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆ ದಾಸ್ತಾನು ಇರುತ್ತದೆ. ಹೆಚ್ಚೆಂದರೆ 400-500 ಗ್ರಾಂ. ಲಿವರ್‌ನಲ್ಲಿರುವ ಪಾಲು ರಾತ್ರಿ ಮಲಗಿದಾಗಲೇ ಅರ್ಧಕ್ಕರ್ಧ ಖರ್ಚಾಗಿರುತ್ತದೆ. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ಹಸಿ ಸೌದೆ ಇದ್ದ ಹಾಗೆ. ಉರಿಯುತ್ತದೆ, ನಿಧಾನಕ್ಕೆ. ಏರಿನಲ್ಲಿ ಜೋರಾಗಿ ತುಳಿಯಬೇಕಾದಾಗ ಮೈ ಕೇಳುವುದು ತೆಂಗಿನ ಗರಿಯಂತೆ ಭಗ್ಗನೆ ಹತ್ತುವ ಸಕ್ಕರೆಯನ್ನು. ಅದು ಮುಗಿದಿದ್ದರೆ ಬೇಲಿ ಪಕ್ಕ ಜಾಗ ಹುಡುಕಿಕೊಳ್ಳಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಬಂದ ತಕ್ಷಣ ತೂಕ ನೋಡಿದೆ: 89.4! ಖುಷಿಗೆ ಬಿಸಿಬೇಳೆಬಾತ್ ಮೂರು ಸಲ ಹಾಕಿಸಿಕೊಂಡೆ. ಸಂಜೆ ಬೋಂಡಾ. ರಾತ್ರಿ "ಇವತ್ತು 70 ಕಿಲೋಮೀಟರ್ ತುಳಿದಿದ್ದೀನಲ್ಲ" ಅಂತ ಐಸ್‌ಕ್ರೀಮ್. ಮರುದಿನ ಬೆಳಿಗ್ಗೆ 91.2. ಹೋಗಿದ್ದು ಬೆವರು. ಬಂದಿದ್ದು ನೀರಿನ ಜೊತೆ ಬೋಂಡಾ.

ನನ್ನ ಪ್ರಕಾರ ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಸೈಕಲ್ ಮೇಲೆ ಉಪವಾಸ, ಸೋಫಾ ಮೇಲೆ ಹಬ್ಬ. ಇದು ಉಲ್ಟಾ ಆಗಬೇಕು. ತುಳಿಯುವಾಗ ತಿನ್ನಿ, ತುಳಿಯದೇ ಇರುವಾಗ ಕೈ ಬಿಗಿಹಿಡಿಯಿರಿ. ಯಾವ ಡಬ್ಬವೂ ಈ ಕೆಲಸ ಮಾಡಿಕೊಡುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಚಾಮುಂಡಿ ಬೆಟ್ಟದ ಬುಡದಿಂದ ತುದಿಗೆ ಎತ್ತರ ಸುಮಾರು 300 ಮೀಟರ್. ನಾನು ಮತ್ತು ಸೈಕಲ್ ಸೇರಿ 105 ಕೆಜಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 75 ಕ್ಯಾಲೊರಿಯೂ ಇಲ್ಲ. ನಮ್ಮ ಮೈ ಉರಿಸಿದ ನಾಲ್ಕು ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಪಾಲು ಪೆಡಲ್‌ಗೆ ಹೋಗುತ್ತದೆ, ಉಳಿದದ್ದು ಶಾಖ. ಹಾಗಾಗಿ ಖರ್ಚು ಸುಮಾರು 300. ಗಾಳಿ, ಟಯರ್ ಎಲ್ಲ ಸೇರಿಸಿ 350 ಅಂದುಕೊಳ್ಳಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದು ಕೆಜಿ ಇಳಿಯಬೇಕಾದರೆ 22 ಸಲ ಬೆಟ್ಟ ಹತ್ತಬೇಕು. ಅದೂ ಇಳಿದ ಮೇಲೆ ನಜರ್‌ಬಾದ್ ಕಡೆ ತಿರುಗದೆ ಸೀದಾ ಮನೆಗೆ ಬಂದರೆ. ನಾವು ಹಾಗೆ ಬರುತ್ತೇವಾ? ಅಲ್ಲಿನ ಮೈಲಾರಿ ಹೋಟೆಲಿನಲ್ಲಿ ಎರಡು ಬೆಣ್ಣೆ ದೋಸೆ, ಒಂದು ಕಾಫಿ ಅಂದರೆ ಹತ್ತಿದ ಬೆಟ್ಟ ಬಡ್ಡಿ ಸಮೇತ ವಾಪಸ್. ದೋಸೆ ಬಿಡಿ ಅಂತ ಹೇಳುತ್ತಿಲ್ಲ. ಮೈಸೂರಲ್ಲಿದ್ದುಕೊಂಡು ಅಂಥ ಮಾತು ಹೇಳಬಾರದು. ಸೈಕಲ್ ತುಳಿದ ಲೆಕ್ಕಕ್ಕೆ ದೋಸೆ ಬರೆಯಬೇಡಿ, ಅಷ್ಟೇ.

ಈಗ ಆ ಕ್ಯಾಪ್ಸೂಲ್ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿಯ ಊರು ಉತ್ತರ ಕನ್ನಡದ ಸಿದ್ದಾಪುರದ ಹತ್ತಿರ. ಬನ್ನೂರು ಪ್ರಸಂಗವಾದ ಮೇಲೆ ಅತ್ತೆ ಮೈಸೂರಿಗೆ ಬಂದಿದ್ದರು. ಊಟದ ಟೇಬಲ್ ಮೇಲಿದ್ದ ಡಬ್ಬ ಎತ್ತಿ, ಕನ್ನಡಕ ಏರಿಸಿ, ಅದರ ಮೇಲಿದ್ದ ಹಣ್ಣಿನ ಚಿತ್ರವನ್ನೇ ನೋಡಿದರು. ಹಳದಿ ಬಣ್ಣ, ಸಣ್ಣ ಕುಂಬಳಕಾಯಿಯ ಹಾಗೆ ಗೆರೆ ಗೆರೆ.

"ಇದು ನಮ್ಮ ಉಪ್ಪಾಗೆ ಅಲ್ದಾ?"

ಹೌದು. ಡಬ್ಬದ ಮೇಲೆ ದೊಡ್ಡದಾಗಿ 'ಗಾರ್ಸಿನಿಯಾ ಕಾಂಬೋಜಿಯಾ' ಅಂತ ಬರೆದಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣು ಬರುತ್ತದೆ. ಬಿಸಿಲು ಇರುವುದಿಲ್ಲವಲ್ಲ, ಹಾಗಾಗಿ ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸುತ್ತಾರೆ. ಅದಕ್ಕೆ ಕಾಡಿನ ಸೌದೆ ಎಷ್ಟು ಹೋಗುತ್ತದೆ ಅನ್ನುವುದು ಬೇರೆಯೇ ಕಥೆ. ಹುಳಿಗೆ ಬಳಸುತ್ತಾರೆ. ಕೊಡಗಿನಲ್ಲಿ ಇದೇ ಹಣ್ಣಿನಿಂದ ಕಾಚಂಪುಳಿ ಅನ್ನುವ ಕಪ್ಪು ಹುಳಿ ಮಾಡಿ ಪಂದಿಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುತ್ತಾರೆ. ಅತ್ತೆಗೆ ನಗು ಬಂದದ್ದು ಇನ್ನೊಂದು ಕಾರಣಕ್ಕೆ. ಅವರ ಕಡೆ ಉಪ್ಪಾಗೆ ಬೀಜದಿಂದ ತುಪ್ಪ ತೆಗೆಯುತ್ತಾರೆ. "ನಾವು ಇದರಿಂದ ತುಪ್ಪ ಮಾಡ್ಕೊಂಡು ತಿಂತಿದ್ವು, ನೀವು ಕೊಬ್ಬು ಕರಗ್ಸೋಕೆ ತಿಂತ್ರಾ?" ಅಂದರು. ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕಳು.

ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆ, ಅದು ಕೊಬ್ಬು ಕಟ್ಟದಂತೆ ತಡೆಯುತ್ತದೆ ಅನ್ನುವುದು ಮಾರುವವರ ವಾದ. 1998ರಲ್ಲೇ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಇದನ್ನು ಪರೀಕ್ಷೆ ಮಾಡಿದ್ದಾರೆ. ಒಂದು ಗುಂಪಿಗೆ ಇದು, ಇನ್ನೊಂದಕ್ಕೆ ಏನೂ ಇಲ್ಲದ ಮಾತ್ರೆ. ತೂಕ ಇಳಿಸುವುದರಲ್ಲಿ ಏನೂ ಇಲ್ಲದ ಮಾತ್ರೆಗಿಂತ ಇದು ಹೆಚ್ಚೇನೂ ಮಾಡಲಿಲ್ಲ. ಇಂಥ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಡಿಸಿಕೊಂಡವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಸಾರಿಗೆ ಒಂದು ಸಿಪ್ಪೆ ಹಾಕುವುದು ಬೇರೆ, ಸತ್ವ ಹಿಂಡಿ ದಿನಾ ನುಂಗುವುದು ಬೇರೆ.

ಫ್ಯಾಟ್ ಬರ್ನರ್‌ಗಳಲ್ಲಿ ಗ್ರೀನ್ ಟೀ ಸತ್ವ, ಕೆಫೀನ್ ಕೂಡ ಇರುತ್ತವೆ. ಅವತ್ತು ನನ್ನ ಎದೆ ಡಬಡಬ ಅಂದದ್ದರಲ್ಲಿ ಕ್ಯಾಪ್ಸೂಲಿನ ಕೆಫೀನ್ ಜೊತೆ ಕರಿ ಕಾಫಿಯ ಪಾಲೂ ಇದ್ದಿರಬೇಕು. ಬರೀ 'ಹರ್ಬಲ್' ಅಂತ ಬರೆದ ತೂಕ ಇಳಿಸುವ ಮಾತ್ರೆಗಳಂತೂ ಇನ್ನೂ ಅಪಾಯ. ಸಿಬುಟ್ರಮೈನ್ ಅನ್ನುವ ಔಷಧವನ್ನು ಹೃದಯಕ್ಕೆ ತೊಂದರೆ ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದರು. ಅದನ್ನು ಹೇಳದೇ ಕೇಳದೇ ಬೆರೆಸಿದ ಮಾತ್ರೆಗಳು ಬೇರೆ ಬೇರೆ ದೇಶಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿವೆ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ದಯವಿಟ್ಟು ಈ ಕಡೆ ತಲೆ ಹಾಕಬೇಡಿ.

ಕೆಫೀನ್ ಸುಳ್ಳಲ್ಲ, ಅದು ಕೆಲಸ ಮಾಡುತ್ತದೆ. ತುಳಿಯುವ ದಣಿವು ಸ್ವಲ್ಪ ಕಮ್ಮಿ ಅನಿಸುತ್ತದೆ. ಕ್ರೀಡಾಪಟುಗಳ ನಿಷೇಧಿತ ಪಟ್ಟಿಯಲ್ಲಿ ಅದೂ ಇತ್ತು, 2004ರಲ್ಲಿ ತೆಗೆದರು. ಆದರೆ ನಮಗೆ ಫಿಲ್ಟರ್ ಕಾಫಿ ಇರುವಾಗ ಡಬ್ಬ ಯಾಕೆ ಹೇಳಿ.

ಪ್ರೋಟೀನ್ ಪುಡಿ ಬಗ್ಗೆ ನನಗೆ ಸಿಟ್ಟಿಲ್ಲ. ಡಬ್ಬದ ಮೇಲೆ 'ವೇ' ಅಂತ ಬರೆದಿರುತ್ತದಲ್ಲ, ಅದು ಚೀಸ್, ಪನೀರ್ ಮಾಡುವಾಗ ಉಳಿಯುವ ತಿಳಿನೀರು. ಅದನ್ನೇ ಸೋಸಿ ಒಣಗಿಸಿರುತ್ತಾರೆ. ಅದು ಊಟ, ಮಂತ್ರವಲ್ಲ. ತೂಕ ಇಳಿಸುವಾಗ ಪ್ರೋಟೀನ್ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ವ್ಯಾಯಾಮ ಮಾಡುವವರಿಗೆ ಮೈತೂಕದ ಕೆಜಿಗೆ 1.2ರಿಂದ 1.6 ಗ್ರಾಂ ಅನ್ನುತ್ತಾರೆ. ನನ್ನಂಥ ಸಸ್ಯಾಹಾರಿಗೆ 100 ಗ್ರಾಂ ದಾಟುವುದು ಸುಲಭವಲ್ಲ. ಅನ್ನ, ಸಾರು, ಪಲ್ಯ ಅಂತ ತಿಂದರೆ ಅದರ ಅರ್ಧವೂ ಸಿಗುವುದಿಲ್ಲ. ನಾನು ಮೊದಲು ಸರಿ ಮಾಡಿದ್ದು ತಟ್ಟೆಯನ್ನು. ಹುರುಳಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಕಡಲೆಕಾಯಿ ಬೀಜ ಇನ್ನೂ ಜಾಸ್ತಿ, ಆದರೆ ಅದರಲ್ಲಿ ಎಣ್ಣೆಯೂ ಜಾಸ್ತಿ, ಹಿಡಿ ಸಾಕು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಇಷ್ಟಾದ ಮೇಲೂ ಕಮ್ಮಿ ಬಿದ್ದ ದಿನ ಒಂದು ಸ್ಕೂಪ್ ಹಾಕಿಕೊಳ್ಳುತ್ತೇನೆ. ನಾಚಿಕೆಯೇನಿಲ್ಲ.

ಆದರೆ ಡಬ್ಬದ ಮೇಲಿನ ಅಂಕಿಯನ್ನು ನಂಬಬೇಡಿ. 2024ರಲ್ಲಿ ಕೇರಳದ ವೈದ್ಯರೊಬ್ಬರ ತಂಡ ಇಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿತು. ನೂರಕ್ಕೆ 70ರಷ್ಟರಲ್ಲಿ ಲೇಬಲ್ಲಿಗೂ ಒಳಗಿದ್ದ ಪ್ರೋಟೀನಿಗೂ ತಾಳೆಯಾಗಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧ ಮಾತ್ರ ಇತ್ತು. ನೀಲಿ ಬಿಸಿಎಎ ಬಗ್ಗೆ ಒಂದೇ ಮಾತು: ಅದರಲ್ಲಿರುವುದು ಹಾಲು, ಬೇಳೆಯಲ್ಲೂ ಇದೆ, ನೀಲಿ ಬಣ್ಣ ಬಿಟ್ಟು. ಕ್ರಿಯೇಟಿನ್ ಅನ್ನುವ ಇನ್ನೊಂದು ಪುಡಿ ಭಾರ ಎತ್ತುವವರಿಗೆ ನಿಜಕ್ಕೂ ಉಪಯೋಗ. ಆದರೆ ಸ್ನಾಯುವಿನಲ್ಲಿ ನೀರು ಹಿಡಿದಿಟ್ಟು ಒಂದೆರಡು ಕೆಜಿ ಏರಿಸುತ್ತದೆ. ಬೆಟ್ಟ ಹತ್ತುವ ಮೊದಲು ನಾನೇ ದುಡ್ಡು ಕೊಟ್ಟು ಆ ನೀರನ್ನು ಯಾಕೆ ಹೊರಲಿ?

ಬಾಟಲಿಗೆ ಏನು ಹಾಕಬೇಕು ಅಂತ ಜಾಸ್ತಿ ಜನ ಕೇಳುತ್ತಾರೆ. ಒಂದು ಗಂಟೆಯೊಳಗೆ ಮುಗಿಯುವ ರೈಡ್‌ಗೆ ನೀರು ಸಾಕು. ಅದಕ್ಕಿಂತ ಜಾಸ್ತಿ, ಬಿಸಿಲೂ ಇದ್ದರೆ, ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮೇಲೆ ಒಂದು ನಿಂಬೆಹಣ್ಣು. ಓಆರ್‌ಎಸ್ (ಭೇದಿಯಾದಾಗ ಕೊಡುವ ಉಪ್ಪು-ಸಕ್ಕರೆ ದ್ರಾವಣ) ಅಂತ ಬರೆದ ಸಿಹಿ ಜ್ಯೂಸ್ ಪ್ಯಾಕೆಟ್‌ಗಳನ್ನು ನಾನು ಪೆಟ್ಟಿಗೆಗಟ್ಟಲೆ ಕುಡಿದಿದ್ದೇನೆ, ಆಫೀಸಿನಲ್ಲಿ ಕೂತಾಗಲೂ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಆ ಸೂತ್ರದಂತೆ ಇಲ್ಲದ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅನ್ನುವ ಪದ ಇರಕೂಡದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆದೇಶ ಮಾಡಿದ್ದು 2025ರ ಅಕ್ಟೋಬರ್‌ನಲ್ಲಿ. ನನ್ನ ಮಟ್ಟಿಗೆ ಸ್ವಲ್ಪ ತಡವಾಯಿತು.

ಜೆಲ್ ತಪ್ಪಲ್ಲ. ರೇಸ್ ಮಾಡುವವರು ಅಗಿಯಲು ಪುರುಸೊತ್ತಿಲ್ಲದೆ ಹೀರುತ್ತಾರೆ. ನಮಗೆ ಪುರುಸೊತ್ತೇ ಪುರುಸೊತ್ತು. ಉದ್ದದ ರೈಡ್‌ನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇದೆ, ಒಂದು ಜೆಲ್‌ನಲ್ಲೂ ಅಷ್ಟೇ. ನನ್ನ ಜೇಬಲ್ಲಿ ಈಗ ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ, ನಾಲ್ಕು ಖರ್ಜೂರ. ಹೊರಡುವ ಮೊದಲು ರಾಗಿ ಹುರಿಹಿಟ್ಟಿಗೆ ಹಾಲು, ಬೆಲ್ಲ ಕಲಸಿ ತಿನ್ನುತ್ತೇನೆ. ಎರಡು ನಿಮಿಷದ ಕೆಲಸ, ಹೊಟ್ಟೆ ಭಾರ ಆಗುವುದಿಲ್ಲ.

ತೂಕ ಎಷ್ಟಾಯಿತು ಅಂತ ಕೇಳುತ್ತೀರಿ. 91ರಿಂದ 83ಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ನಡುವೆ ಆರು ವಾರ ಮುಳ್ಳು ಅಲ್ಲಾಡಲಿಲ್ಲ, ಅದರಲ್ಲಿ ದಸರಾ ಇತ್ತು. ವಾರಕ್ಕೆ ನಾಲ್ಕು ದಿನ ತುಳಿದೆ, ಮೂರು ದಿನ ನಿಧಾನಕ್ಕೆ, ಒಂದು ದಿನ ಬೆಟ್ಟ. ರಾತ್ರಿ ಅನ್ನ ಅರ್ಧ ಮಾಡಿದೆ. ಸಂಜೆಯ ಬೇಕರಿ ಬಿಟ್ಟೆ. ಇದು ಎಲ್ಲಕ್ಕಿಂತ ಕಷ್ಟ, ದಿಲ್‌ಪಸಂದ್ ಇವತ್ತಿಗೂ ಕರೆಯುತ್ತದೆ. ತೂಕ ವಾರಕ್ಕೊಮ್ಮೆ, ಬೆಳಿಗ್ಗೆ, ರೈಡ್‌ಗೆ ಮೊದಲು ನೋಡುತ್ತೇನೆ. ವಾಚ್ ತೋರಿಸುವ ಕ್ಯಾಲೊರಿಯಲ್ಲಿ ಅರ್ಧ ಮಾತ್ರ ನಂಬುತ್ತೇನೆ.

ಕ್ಯಾಪ್ಸೂಲ್ ಇನ್ನೂ ನಲವತ್ತು ಉಳಿದಿದ್ದವು, ಎಸೆದೆ. ಪ್ರೋಟೀನ್ ಡಬ್ಬ ಖಾಲಿಯಾದ ಮೇಲೆ ಅದರಲ್ಲಿ ಹುರುಳಿ ತುಂಬಿದ್ದೇವೆ. ಗಟ್ಟಿ ಡಬ್ಬ, ಹುಳ ಬೀಳುವುದಿಲ್ಲ.

ಈ ಭಾನುವಾರ ನಾವು ಐದು ಜನ ಬನ್ನೂರು ಕಡೆ ಹೋಗುತ್ತಿದ್ದೇವೆ. ನಿಧಾನದ ರೈಡ್, ಯಾರನ್ನೂ ಬಿಟ್ಟು ಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಲಲಿತಮಹಲ್ ರಸ್ತೆಯಲ್ಲಿ ಸಿಗೋಣ. ತಿಂಡಿ ತಿಂದು ಬನ್ನಿ, ಸ್ಪೇರ್ ಟ್ಯೂಬ್ ಇರಲಿ, ಬಾಳೆಹಣ್ಣು ಒಂದು ಜಾಸ್ತಿ ತನ್ನಿ. ಆಲೆಮನೆ ನಡೀತಿದ್ದರೆ ನಿಲ್ಲಿಸುತ್ತೇನೆ. ಆ ಯಜಮಾನರಿಗೆ ನಾನು ಇನ್ನೂ ಒಂದು ಪೊಟ್ಟಣ ಕಾಫಿ ಪುಡಿ ಬಾಕಿ ಇದ್ದೇನೆ.